“ಸರ್, ಒಂದು ಟಾಪಿಕ್ ಕೊಡಿ” ಅನ್ನೋ ಮಕ್ಕಳಿಗೆ ಸಂಶೋಧನೆ ಪ್ಲಾನ್ ಮಾಡೋದನ್ನ ಹೇಗೆ ಕಲಿಸೋದು?

ಪ್ರಶ್ನೆ: ನಾನು ಕಾರವಾರ ಕಡೆಯ ಒಂದು ಕಾಲೇಜಲ್ಲಿ ಎಂಎಸ್ಸಿ ಸೈಕಾಲಜಿಗೆ ಪಾಠ ಮಾಡ್ತೇನೆ. ಈ ಸಲ ಮೊದಲ ಬಾರಿ 12 ಮಕ್ಕಳ ಪ್ರಾಜೆಕ್ಟಿಗೆ ಗೈಡ್ ಆಗಿದ್ದೇನೆ. ಸಿನಾಪ್ಸಿಸ್ (ಪ್ರಾಜೆಕ್ಟ್ ಹೇಗೆ ಮಾಡ್ತೇವೆ ಅನ್ನೋ ಯೋಜನೆಯ ಸಾರಾಂಶ) ಕೊಡೋಕೆ ಇನ್ನೂ ಆರು ವಾರ ಉಂಟು, ಡೇಟಾ ತಗೊಳ್ಳೋದು ಜನವರಿಯಿಂದ ಮಾರ್ಚ್. ಎಲ್ಲರೂ ಬಂದು ಟಾಪಿಕ್ ಕೊಡಿ ಅಂತಾರೆ, ಇಲ್ಲಾ ಸೀನಿಯರ್ಸ್ ಮಾಡಿದ್ದನ್ನೇ ಊರು ಬದಲಿಸಿ ತರ್ತಾರೆ. ಈ ಆರು ವಾರದಲ್ಲಿ ಅವರನ್ನ ಹೇಗೆ ತಯಾರು ಮಾಡ್ಲಿ?

ಉತ್ತರ:

ಮೊದಲು ಒಂದು ಮಾತು, ಟಾಪಿಕ್ ಕೊಡಿ ಅಂತ ಬರೋ ಮಕ್ಕಳು ಸೋಮಾರಿಗಳಲ್ಲ. ನಾನು ಸುಮಾರು ವರ್ಷ ಇದೇ ಕೆಲಸ ಮಾಡಿದ್ದೇನೆ, ಮೊದಮೊದಲು ನಂಗೂ ಹಾಗೇ ಅನಿಸ್ತಿತ್ತು. ಆಮೇಲೆ ಗೊತ್ತಾಯ್ತು, ಇವರಿಗೆ ರಿಸರ್ಚ್ ಮೆಥಡಾಲಜಿ ಅಂದ್ರೆ ಪರೀಕ್ಷೆಗೆ ಬರೆಯೋ ಒಂದು ಪೇಪರ್ ಅಷ್ಟೇ, ಸ್ಯಾಂಪ್ಲಿಂಗ್ ವಿಧಗಳು ಆರು ಅಂಕಕ್ಕೆ, ವೇರಿಯಬಲ್ ವಿಧಗಳು ಎಂಟು ಅಂಕಕ್ಕೆ, ಇದರಲ್ಲಿ ಒಂದನ್ನಾದ್ರೂ ತಾನೇ ಆರಿಸಿ “ನಾನು ಇದನ್ನ ಯಾಕೆ ಆರಿಸಿದೆ” ಅಂತ ಹೇಳೋ ಸಂದರ್ಭ ಅವರಿಗೆ ಬಂದೇ ಇರೋದಿಲ್ಲ. ಪ್ಲಾನ್ ಮಾಡೋದು ಅಂದ್ರೆ ಸಾಲಾಗಿ ನಿರ್ಧಾರ ತಗೊಳ್ಳೋದು: ಯಾರನ್ನ ಕೇಳೋದು, ಯಾವಾಗ ಕೇಳೋದು, ಯಾವ ಮಾತಲ್ಲಿ ಕೇಳೋದು, ಎಷ್ಟು ಜನ ಸಾಕು, ಉತ್ತರ ಹೀಗೆ ಬಂದ್ರೆ ಏನು, ಹಾಗೆ ಬಂದ್ರೆ ಏನು. ನಿಮ್ಮ ಆರು ವಾರ ಇದಕ್ಕೇ ಹೋಗ್ಲಿ. ಟಾಪಿಕ್ ತಾನಾಗೇ ಬರತ್ತೆ.

ಮೊದಲ ವಾರ ಟಾಪಿಕ್ ಮಾತೇ ಬೇಡ. ಸ್ಕೇಲ್, ಅಂದ್ರೆ ಮನಸ್ಸಿನ ಸ್ಥಿತಿ ಅಳೆಯೋ ಪ್ರಶ್ನಾವಳಿ, ಹುಡುಕೋದೂ ಬೇಡ, ಯಾಕಂದ್ರೆ ನಮ್ಮಲ್ಲಿ ಹೆಚ್ಚಿನ ಪ್ರಾಜೆಕ್ಟು ಹಾಳಾಗೋದು ಅಲ್ಲೇ, ಇಂಟರ್ನೆಟ್ಟಲ್ಲಿ ಪುಕ್ಕಟೆ ಒಂದು ಸ್ಟ್ರೆಸ್ ಸ್ಕೇಲ್ ಸಿಕ್ತು, ಒಂದು ಸೆಲ್ಫ್ ಎಸ್ಟೀಮ್ ಸ್ಕೇಲ್ ಸಿಕ್ತು, ಎರಡನ್ನೂ ಕೂಡಿಸಿದ್ರು, ಆಮೇಲೆ ಅದಕ್ಕೊಂದು ಪ್ರಶ್ನೆ ಹೊಂದಿಸಿದ್ರು. ಅಳತೆಗೋಲು ಮೊದಲು, ಪ್ರಶ್ನೆ ಆಮೇಲೆ. ಅದರ ಬದಲು ಮಕ್ಕಳನ್ನ ಹೊರಗೆ ಕಳಿಸಿ. ಒಬ್ಬರು ಬೈತಖೋಲ ಬಂದರಿಗೆ ಬೆಳಿಗ್ಗೆ, ಒಬ್ಬರು ಸಿವಿಲ್ ಆಸ್ಪತ್ರೆಯ ಓಪಿಡಿ ಕ್ಯೂ ಹತ್ರ, ಶಿರಸಿ ಕಡೆಯವರು ಇದ್ರೆ ಅಡಿಕೆ ಟೆಂಡರ್ ನಡೆಯೋ ಅಂಗಳಕ್ಕೆ, ಅಂಕೋಲೆ ಹುಡುಗಿ ಬಸ್ ಸ್ಟ್ಯಾಂಡಿಗೆ. ಎರಡು ತಾಸು ಕೂತು ನೋಡಿದ್ದನ್ನ ಒಂದು ಪುಟ ಬರೀಬೇಕು, ಒಂದೇ ಶರತ್ತು, ಸೈಕಾಲಜಿ ಪುಸ್ತಕದ ಒಂದು ಶಬ್ದವೂ ಅದರಲ್ಲಿ ಬರಬಾರ್ದು. ಸ್ಟ್ರೆಸ್, ಕೋಪಿಂಗ್, ವೆಲ್‌ಬೀಯಿಂಗ್ ಏನೂ ಇಲ್ಲ. ಯಾರು ಏನು ಮಾಡಿದ್ರು, ಏನು ಹೇಳಿದ್ರು, ಅಷ್ಟೇ. ಮೊದಲ ಸಲ ತುಂಬ ಕಷ್ಟಪಡ್ತಾರೆ, ಎರಡನೇ ಪುಟ ಬರೆಯೋವಾಗ ಅವರೊಳಗೇ ಒಂದು “ಅಲ್ಲ, ಇದು ಯಾಕೆ ಹೀಗೆ” ಹುಟ್ಟತ್ತೆ.

ಆ “ಯಾಕೆ”ಯನ್ನ ಹಿಡಕೊಂಡು ಜಗ್ಗಬೇಕು. ಒಬ್ಬ ಹುಡುಗ ನನ್ನ ಹತ್ರ “ಮೀನುಗಾರರಲ್ಲಿ ಒತ್ತಡ” ಅಂತ ತಂದಿದ್ದ. ಯಾವ ಮೀನುಗಾರರು ಅಂತ ಕೇಳಿದೆ. ಟ್ರಾಲರ್ ಮಾಲಕನಾ, ಅದರಲ್ಲಿ ದುಡಿಯೋಕೆ ಒಡಿಶಾದಿಂದಲೋ ಜಾರ್ಖಂಡ್‌ನಿಂದಲೋ ಬಂದ ಖಲಾಸಿಯಾ, ಪಾತಿ ದೋಣಿಯಲ್ಲಿ ಹೋಗೋ ಅಜ್ಜನಾ, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರೋ ಹೆಂಗಸಾ? ಈ ನಾಲ್ಕು ಜನರ ತಲೆಬಿಸಿ ಒಂದೇ ಅಲ್ಲ. ಸರಿ ಅಂತ ಯೋಚಿಸಿ ಬಂದು ಹೆಂಗಸರು ಅಂದ. ಯಾವಾಗ? ಅದಕ್ಕೆ ಅವನ ಹತ್ರ ಉತ್ತರ ಇರಲಿಲ್ಲ, ಯಾವಾಗ ಅನ್ನೋದು ಒಂದು ಪ್ರಶ್ನೆ ಅಂತಾನೇ ಗೊತ್ತಿರಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ. ಅವನು ಆರಿಸಿದ್ದ ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್ ಕೇಳೋದು “ಕಳೆದ ಒಂದು ತಿಂಗಳಲ್ಲಿ” ಹೇಗಿತ್ತು ಅಂತ. ಜುಲೈ ಕೊನೆಗೆ ಕೇಳಿದ್ರೆ ಒಂದು ಬದುಕು, ಸೆಪ್ಟೆಂಬರಲ್ಲಿ ಕೇಳಿದ್ರೆ ಬೇರೆ ಬದುಕು, ಅವನ ಸೆಮಿಸ್ಟರ್ ಹೇಳೋದು ಫೆಬ್ರವರಿ. ಹಾಗಾಗಿ ಬಂದ್ ಇದ್ದಾಗಿನ ತಲೆಬಿಸಿ ಬಗ್ಗೆ ಅವನು ಏನೂ ಹೇಳೋ ಹಾಗಿಲ್ಲ, ಎಷ್ಟು ಆಸೆ ಇದ್ರೂ ಇಲ್ಲ. ಅಡಿಕೆ ಬೆಳೆಗಾರರಿಗೂ ಇದೇ ಮಾತು, ಮಳೆಗಾಲದಲ್ಲಿ ಕೊಳೆ ರೋಗ ಬಿದ್ದಾಗ ಬೋರ್ಡೋ ದ್ರಾವಣ ಹೊಡೆಯೋಕೆ ಆಳು ಸಿಗದೆ ಒದ್ದಾಡೋ ಮನುಷ್ಯ ಫೆಬ್ರವರಿಯಲ್ಲಿ ಅಡಿಕೆ ಮಾರೋಕೆ ಬಂದಾಗ ಬೇರೆಯೇ ಮನುಷ್ಯ.

ಅದಕ್ಕೇ ನಾನು ಹೇಳೋದು, ಎರಡನೇ ವಾರ ಗೋಡೆ ಮೇಲೆ ಕ್ಯಾಲೆಂಡರ್ ಹಾಕಿ ಕೂರ್ಸಿ. ಪರೀಕ್ಷೆ ಯಾವಾಗ, ಹಬ್ಬ ಯಾವಾಗ, ಊರ ಬಂಡಿಹಬ್ಬ ಯಾವಾಗ, ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದು ಈ ಸಲ ಉಂಟಾ, ಉಂಟಾದ್ರೆ ಆ ದಿನಗಳಲ್ಲಿ ಶಿರಸಿಯಲ್ಲಿ ಯಾರೂ ನಿಮ್ಮ ಫಾರ್ಮ್ ತುಂಬೋಕೆ ಕೂರೋದಿಲ್ಲ. ಇದೆಲ್ಲ ಸಣ್ಣದು ಅನಿಸತ್ತೆ ಆದ್ರೆ ಮಾರ್ಚ್ ಕೊನೆಗೆ ಅಳ್ತಾ ಬರೋ ಮಕ್ಕಳನ್ನ ನೋಡಿದವರಿಗೆ ಸಣ್ಣದಲ್ಲ.

ಈಗ ಭಾಷೆ ವಿಷಯ, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೇನೆ ಯಾಕಂದ್ರೆ ಉತ್ತರ ಕನ್ನಡದಲ್ಲಿ ಪ್ಲಾನ್ ಮಾಡೋವಾಗ ಇದಕ್ಕಿಂತ ದೊಡ್ಡದು ಇಲ್ಲ. ಅದೇ ಹುಡುಗನ ಜೊತೆ ನಾನೂ ಒಂದು ದಿನ ಬೈತಖೋಲಕ್ಕೆ ಹೋಗಿದ್ದೆ. ಅವನು ಸ್ಕೇಲನ್ನ ಕನ್ನಡಕ್ಕೆ ಮಾಡಿದ್ದ, ಶಬ್ದಕ್ಕೆ ಶಬ್ದ. ಒಬ್ಬ ಅಕ್ಕ ಮಂಜುಗಡ್ಡೆ ಪೆಟ್ಟಿಗೆ ಮೇಲೆ ಕೂತು ಪಾಪ ತಾಳ್ಮೆಯಿಂದ ಉತ್ತರ ಕೊಡ್ತಾ ಇದ್ರು. ಐದನೇ ಪ್ರಶ್ನೆ ಬಂತು, “ಎಲ್ಲವೂ ನಿಮ್ಮ ದಾರಿಯಲ್ಲಿ ನಡೆಯುತ್ತಿದೆ ಎಂದು ಎಷ್ಟು ಬಾರಿ ಅನಿಸಿದೆ?” ಅಕ್ಕ ಅಂದ್ರು, “ನಮ್ಮ ದಾರಿಯಲ್ಲಾ? ನಡೀತಾನೇ ಉಂಟಲ, ಹೈವೇ ಕೆಲಸ ಯಾವಾಗ್ಲೂ ನಡೀತದೆ.” ಹುಡುಗ “ಯಾವಾಗಲೂ” ಅನ್ನೋದಕ್ಕೆ ಟಿಕ್ ಹಾಕಿದ.

ಈಗ ಲೆಕ್ಕ ನೋಡಿ. ಆ ಸ್ಕೇಲಲ್ಲಿ ಹತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 4, ಒಟ್ಟು 40. ಅದರಲ್ಲಿ 4, 5, 7, 8ನೇ ಪ್ರಶ್ನೆ ಉಲ್ಟಾ, ಅಂದ್ರೆ ಅಲ್ಲಿ “ಯಾವಾಗಲೂ” ಅಂದ್ರೆ ಒತ್ತಡ ಸೊನ್ನೆ. ದಿನಾ ಧೂಳು ಕುಡಿದು, ಬಸ್ಸು ತಡ ಆಗಿ, ಮೀನು ಹಾಳಾಗೋ ಹೆದರಿಕೆಯಲ್ಲಿ ಇರೋ ಹೆಂಗಸಿಗೆ ನಮ್ಮ ಕಾಗದದ ಮೇಲೆ ಆ ಪ್ರಶ್ನೆಯಲ್ಲಿ ಸೊನ್ನೆ ತಲೆಬಿಸಿ. ಎಂಬತ್ತು ಜನರ ಹತ್ರ ಹೀಗೆ ತಗೊಂಡ್ರೆ ಕ್ರಾನ್‌ಬಾಕ್ ಆಲ್ಫಾ (ಸ್ಕೇಲಿನ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದತ್ತೆ ಅನ್ನೋ ಅಂಕಿ) ಬಿದ್ದುಹೋಗತ್ತೆ, ಮಕ್ಕಳು “ಸ್ಕೇಲ್ ಸರಿ ಇಲ್ಲ” ಅಂತ ಬರೀತಾರೆ. ಸ್ಕೇಲ್ ಅಲ್ಲ, ದಾರಿ ಅನ್ನೋ ಶಬ್ದ ಸರಿ ಇರಲಿಲ್ಲ. “ಅಂದ್ಕೊಂಡ ಹಾಗೆ ಎಲ್ಲಾ ಆಗ್ತಾ ಉಂಟು ಅಂತ ಅನಿಸಿದ್ದು ಉಂಟಾ” ಅಂತ ಕೇಳಿದಾಗ ಅದೇ ಅಕ್ಕ ಒಂದು ನಿಮಿಷ ಸುಮ್ಮನಾಗಿ “ಎಲ್ಲಿಂದ ಬಾಬಾ” ಅಂದ್ರು. ಆ ಒಂದು ನಿಮಿಷದ ಮೌನ ನನಗೆ ಈಗ್ಲೂ ನೆನಪುಂಟು.

ಹಾಗಾಗಿ ಮೂರನೇ ವಾರದ ಕೆಲಸ ಇದು: ಯಾವ ಸ್ಕೇಲ್ ಇದ್ರೂ ಒಬ್ಬರು ಕನ್ನಡಕ್ಕೆ ಮಾಡ್ಲಿ, ಮೂಲ ನೋಡದ ಇನ್ನೊಬ್ಬರು ಅದನ್ನ ವಾಪಸ್ ಇಂಗ್ಲಿಷಿಗೆ ಮಾಡ್ಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬ್ಯಾಕ್ ಟ್ರಾನ್ಸ್‌ಲೇಶನ್ ಅಂತ ಇದನ್ನ ಬ್ರಿಸ್ಲಿನ್ 1970ರಲ್ಲೇ ವಿವರಿಸಿದ್ರು. ಆದ್ರೆ ಅಷ್ಟಕ್ಕೇ ನಿಲ್ಲಿಸ್ಬೇಡಿ, “ನಿಮ್ಮ ದಾರಿ” ವಾಪಸ್ ಇಂಗ್ಲಿಷಿಗೆ ಹೋದಾಗ ಚೆನ್ನಾಗೇ ಹೋಗತ್ತೆ, ತಪ್ಪು ಸಿಕ್ಕೋದೇ ಇಲ್ಲ! ತಪ್ಪು ಸಿಗೋದು ಐದಾರು ಜನರ ಮುಂದೆ ಓದಿ “ಇದರಲ್ಲಿ ನಾನು ಏನು ಕೇಳ್ದೆ ಅಂತ ನಿಮ್ಮ ಮಾತಲ್ಲಿ ಹೇಳಿ” ಅಂದಾಗ ಮಾತ್ರ. ನಮ್ಮ ಜಿಲ್ಲೆಯಲ್ಲಿ ಮನೆಮಾತು ಕೊಂಕಣಿ, ಹವ್ಯಕರ ಕನ್ನಡ, ಹಾಲಕ್ಕಿ ಕನ್ನಡ, ಭಟ್ಕಳದಲ್ಲಿ ನವಾಯತಿ, ಪುಸ್ತಕದ ಕನ್ನಡ ಯಾರ ಮನೆಯಲ್ಲೂ ಇಲ್ಲ. “ಒತ್ತಡ” ಅಂದ್ರೆ ಕೆಲವರಿಗೆ ಬಿಪಿ ನೆನಪಾಗತ್ತೆ. ತಲೆಬಿಸಿ ಅಂದ್ರೆ ಎಲ್ಲರಿಗೂ ಗೊತ್ತು. ಹಾಂ, ಶಬ್ದ ಬದಲಿಸಿದ್ರೆ ಅದನ್ನ ರಿಪೋರ್ಟಲ್ಲಿ ಬರೀಬೇಕು, ಮುಚ್ಚಿಡಬಾರ್ದು. ಮತ್ತೆ ಬೆಕ್ ಡಿಪ್ರೆಶನ್ ಇನ್ವೆಂಟರಿ ತರದ್ದು ದುಡ್ಡು ಕೊಟ್ಟು ತಗೊಳ್ಳೋ ಟೆಸ್ಟು, ಎಲ್ಲಿಂದಲೋ ಜೆರಾಕ್ಸ್ ಮಾಡಿ ಬಳಸೋದು ಕಳ್ಳತನವೇ, ಮಕ್ಕಳಿಗೆ ಅದನ್ನ ನೇರವಾಗಿ ಹೇಳಿ.

ನಾಲ್ಕನೇ ವಾರಕ್ಕೆ ನನ್ನ ಅತೀ ನೆಚ್ಚಿನ ಅಭ್ಯಾಸ, ಖಾಲಿ ಟೇಬಲ್. ಒಂದು ಹಾಳೆಯಲ್ಲಿ ರಿಸಲ್ಟ್ ಟೇಬಲ್ ಬರೀಬೇಕು, ಸಾಲಿನ ಹೆಸರು, ಕಾಲಮ್ಮಿನ ಹೆಸರು ಎಲ್ಲಾ ಇರ್ಬೇಕು, ಅಂಕಿ ಮಾತ್ರ ಖಾಲಿ. ಕೆಳಗೆ ಎರಡು ವಾಕ್ಯ: ಇಲ್ಲಿ ಹೆಚ್ಚು ಬಂದ್ರೆ ನಾನು ಏನು ಹೇಳ್ತೇನೆ, ವ್ಯತ್ಯಾಸವೇ ಬರದಿದ್ರೆ ಏನು ಹೇಳ್ತೇನೆ. ಟೇಬಲ್ ಬರೆಯೋಕೆ ಆಗ್ಲಿಲ್ಲ ಅಂದ್ರೆ ಪ್ರಶ್ನೆ ಇನ್ನೂ ಪ್ರಶ್ನೆ ಆಗಿಲ್ಲ ಅಂತ ಅರ್ಥ. “ಮೊಬೈಲ್ ಬಳಕೆಯ ಪ್ರಭಾವ” ಅಂತ ಬರೆದವರು ಇಲ್ಲಿ ಸಿಕ್ಕಿಬೀಳ್ತಾರೆ, ಯಾಕಂದ್ರೆ ಟೇಬಲಲ್ಲಿ ಇರೋದು ಎರಡು ಸ್ಕೋರು, ಒಂದೇ ದಿನ ತಗೊಂಡದ್ದು, ಅದರಲ್ಲಿ ಪ್ರಭಾವ ಎಲ್ಲಿಂದ ಬಂತು? ಮೊಬೈಲಿಂದ ನಿದ್ದೆ ಕೆಟ್ಟಿತೋ, ನಿದ್ದೆ ಬರದ್ದಕ್ಕೆ ಮೊಬೈಲ್ ಹಿಡಿದ್ರೋ, ಒಂದೇ ಸಲದ ಸರ್ವೆಗೆ ಗೊತ್ತಾಗೋದಿಲ್ಲ. ಸಂಬಂಧ ಅಂತ ಬರೀರಿ ಅಂತ ಹೇಳಿದ್ರೆ ಸಾಕಾಗೋದಿಲ್ಲ, ಟೇಬಲ್ ಮುಂದೆ ಕೂತು ಅವರಿಗೇ ಅದು ಕಾಣ್ಬೇಕು. ಮತ್ತೆ ಈ ಎರಡು ವಾಕ್ಯ ಮೊದಲೇ ಬರೆದು ತಾರೀಕು ಹಾಕಿಟ್ಟರೆ, ಡೇಟಾ ಬಂದಮೇಲೆ ಹೈಪಾಥಿಸಿಸ್ (ಮೊದಲೇ ಮಾಡಿದ ಊಹೆ) ತಿದ್ದೋ ಆಸೆಗೂ ಕಡಿವಾಣ.

ಎಷ್ಟು ಜನ ಬೇಕು ಅನ್ನೋದಕ್ಕೆ ನಮ್ಮಲ್ಲಿ ಉತ್ತರ “ನೂರು ಸರ್, ಸೀನಿಯರ್ಸ್ ನೂರೇ ಮಾಡಿದ್ದು”. ಜಿ-ಪವರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಉಂಟು, ಜರ್ಮನಿಯ ಡ್ಯುಸೆಲ್‌ಡಾರ್ಫ್ ಯೂನಿವರ್ಸಿಟಿಯದ್ದು, ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ತೋರಿಸಿ. ಎರಡು ಸ್ಕೋರಿನ ನಡುವೆ 0.3ರಷ್ಟು ಸಂಬಂಧ (ಸೊನ್ನೆ ಅಂದ್ರೆ ಸಂಬಂಧವೇ ಇಲ್ಲ, 1 ಅಂದ್ರೆ ಪೂರ್ತಿ) ಇದ್ರೆ ಅದನ್ನ ಹಿಡಿಯೋಕೆ, ಹತ್ತಕ್ಕೆ ಎಂಟು ಸಲ ಸಿಗೋ ಹಾಗೆ, ಸುಮಾರು 85 ಜನ ಬೇಕು. ಸಂಬಂಧ 0.2 ಅಷ್ಟೇ ಇದ್ರೆ 190 ದಾಟತ್ತೆ. ಎರಡು ಗುಂಪು ಹೋಲಿಸೋದಾದ್ರೆ, ಮಧ್ಯಮ ವ್ಯತ್ಯಾಸಕ್ಕೆ ಗುಂಪಿಗೆ 64, ಸಣ್ಣ ವ್ಯತ್ಯಾಸಕ್ಕೆ ಗುಂಪಿಗೆ 390ಕ್ಕೂ ಮೇಲೆ. ಮೂವತ್ತು ಗಂಡುಮಕ್ಕಳು ಮೂವತ್ತು ಹೆಣ್ಣುಮಕ್ಕಳು ತಗೊಂಡು “ವ್ಯತ್ಯಾಸ ಇಲ್ಲ” ಅಂತ ಬರೆಯೋದು ಹೇಗೆ ಅಂದ್ರೆ, ಸಣ್ಣ ಮೀನು ಹಿಡಿಯೋಕೆ ದೊಡ್ಡ ಕಣ್ಣಿನ ಬಲೆ ಬೀಸಿ ಕಡಲಲ್ಲಿ ಮೀನೇ ಇಲ್ಲ ಅಂದ ಹಾಗೆ.

ಇಲ್ಲಿ ನಿಮಗೊಂದು ಸಲಹೆ ಕೊಡ್ತೇನೆ, ದಯವಿಟ್ಟು ಯೋಚಿಸಿ. ನಿಮ್ಮ ಹತ್ರ 12 ಮಕ್ಕಳು. ಒಬ್ಬೊಬ್ಬರು ಒಂದೊಂದರಂತೆ 12 ಬೇರೆ ಬೇರೆ ದುರ್ಬಲ ಅಧ್ಯಯನ ಮಾಡೋ ಬದಲು ನಾಲ್ಕೈದು ಅಳತೆ ಇರೋ ಒಂದೇ ಸಾಮಾನ್ಯ ಫಾರ್ಮ್ ಮಾಡಿ, ಒಬ್ಬೊಬ್ಬರು 25 ಜನರ ಹತ್ರ ಹೋಗ್ಲಿ, 300 ಜನರ ಗಟ್ಟಿ ಡೇಟಾ ಆಗತ್ತೆ. ಪ್ರಶ್ನೆ ಮಾತ್ರ ಒಬ್ಬೊಬ್ಬರದ್ದು ಬೇರೆ, ಖಾಲಿ ಟೇಬಲ್ ಬೇರೆ, ವಿಶ್ಲೇಷಣೆ ಬೇರೆ, ಬರವಣಿಗೆ ಬೇರೆ. ನಿಮ್ಮ ಯೂನಿವರ್ಸಿಟಿ ನಿಯಮದಲ್ಲಿ ಅದಕ್ಕೆ ಜಾಗ ಉಂಟಾ ಅಂತ ಮೊದಲು ಬರವಣಿಗೆಯಲ್ಲೇ ಕೇಳಿಕೊಳ್ಳಿ, ಉಂಟಾದ್ರೆ ಬಿಡಬೇಡಿ. ಇಬ್ಬರು ಮೂವರಿಗೆ ಹಳೆಯ ಅಧ್ಯಯನವನ್ನೇ ಇಲ್ಲಿ ಮತ್ತೆ ಮಾಡೋಕೆ ಹೇಳಿದ್ರೂ ತಪ್ಪಿಲ್ಲ. 2015ರಲ್ಲಿ ಓಪನ್ ಸೈನ್ಸ್ ಕೊಲಾಬರೇಶನ್ನಿನವರು ಸೈಕಾಲಜಿಯ 100 ಅಧ್ಯಯನ ಮತ್ತೆ ಮಾಡಿ ನೋಡಿದಾಗ ಸಿಗ್ನಿಫಿಕಂಟ್ (ಬರೀ ಆಕಸ್ಮಿಕ ಅಂತ ತಳ್ಳಿಹಾಕೋಕೆ ಆಗದ) ಫಲಿತಾಂಶ ಬಂದದ್ದು ನೂರಕ್ಕೆ 36ರಷ್ಟರಲ್ಲಿ ಮಾತ್ರ. ಸೀನಿಯರ್ ಮಾಡಿದ್ದನ್ನ ಊರು ಬದಲಿಸಿ ನಕಲು ಮಾಡೋದಕ್ಕೂ, ಒಂದು ಅಧ್ಯಯನವನ್ನ ಪರೀಕ್ಷಿಸ್ಬೇಕು ಅಂತ ಮತ್ತೆ ಮಾಡೋದಕ್ಕೂ ಅಜಗಜಾಂತರ.

ಇಂಟರ್ವ್ಯೂ ಮಾಡ್ತೇವೆ ಸರ್, ಅಂಕಿ ಬೇಡ ಅನ್ನೋವ್ರೂ ಇರ್ತಾರೆ. ಮಾಡ್ಲಿ, ಸುಲಭ ಅಂತ ಮಾಡೋದು ಬೇಡ. ಒಂದು ತಾಸಿನ ರೆಕಾರ್ಡಿಂಗ್ ಬರೆದಿಳಿಸೋಕೆ ನಾಲ್ಕಾರು ತಾಸು ಸುಲಭಕ್ಕೆ ಹೋಗತ್ತೆ, ಕೊಂಕಣಿಯಿಂದ ಕನ್ನಡಕ್ಕೆ ತರೋದಾದ್ರೆ ಇನ್ನೂ ಜಾಸ್ತಿ. ಸಿನಾಪ್ಸಿಸ್‌ಗೆ ಮೊದಲು ಒಂದು ಇಂಟರ್ವ್ಯೂ ಮಾಡಿ ಪೂರ್ತಿ ಬರೆದು ತಂದವರಿಗೆ ಮಾತ್ರ ಒಪ್ಪಿಗೆ ಕೊಡಿ.

ಇನ್ನು ಎಥಿಕ್ಸ್. ಇದನ್ನ ಸಿನಾಪ್ಸಿಸ್ ಕೊನೆಯ ಪ್ಯಾರಾ ಮಾಡ್ಬೇಡಿ, ನನ್ನ ಮಟ್ಟಿಗೆ ಐದನೇ ವಾರ ಪೂರ್ತಿ ಇದಕ್ಕೇ. ಪಿಯುಸಿ ಮಕ್ಕಳು ನಮ್ಮ ಪ್ರಾಜೆಕ್ಟುಗಳ ಖಾಯಂ ಸ್ಯಾಂಪಲ್, ಆದ್ರೆ ಅವರಲ್ಲಿ ಹೆಚ್ಚಿನವರಿಗೆ 18 ಆಗಿರೋದಿಲ್ಲ. ಪ್ರಿನ್ಸಿಪಾಲರ ಸಹಿ ಸಾಕು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ, ಸಾಕಾಗೋದಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ತಂದೆ ತಾಯಿಯ ಒಪ್ಪಿಗೆ ಬೇಕು, ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ಜೋಯಿಡಾದ ಹಳ್ಳಿಯಿಂದ ಬಂದು ಹಾಸ್ಟೆಲ್ಲಲ್ಲಿ ಇರೋ ಹುಡುಗಿಯ ಅಪ್ಪನ ಸಹಿಗೆ ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕಿ, ಆಗ ಮಕ್ಕಳೇ ಬೇರೆ ಸ್ಯಾಂಪಲ್ ಯೋಚಿಸ್ತಾರೆ.

ಖಿನ್ನತೆ ಅಳೆಯೋ ಪಿಎಚ್‌ಕ್ಯೂ-9 ಸ್ಕೇಲ್ ಬಳಸೋದಾದ್ರೆ ಅದರ ಒಂಬತ್ತನೇ ಪ್ರಶ್ನೆ ಸಾಯೋ ಯೋಚನೆ ಬಗ್ಗೆ. ಒಬ್ಬ ವಿದ್ಯಾರ್ಥಿನಿ ಸಂಜೆ ಆರಕ್ಕೆ ಫಾರ್ಮ್ ತಗೊಂಡು ಬಸ್ಸಲ್ಲಿ ತಿರುಗಿಸಿ ನೋಡ್ತಾಳೆ, ಅಲ್ಲಿ “ಸುಮಾರು ಪ್ರತಿದಿನ” ಅಂತ ಟಿಕ್ ಉಂಟು. ಈಗ ಅವಳು ಏನು ಮಾಡ್ಬೇಕು? ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಇಲ್ಲದಿದ್ರೆ ಆ ಸ್ಕೇಲ್ ಮುಟ್ಟೋ ಹಾಗಿಲ್ಲ. ಫಾರ್ಮನ್ನ ಎದುರಿಗೇ ನೋಡ್ಬೇಕು, ಅವರ ಜೊತೆ ಸಮಾಧಾನದಿಂದ ಮಾತಾಡ್ಬೇಕು, ಒಬ್ಬರನ್ನೇ ಬಿಟ್ಟು ಬರಬಾರ್ದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಅಲ್ಲೇ ಹಚ್ಚಿಕೊಡ್ಬೇಕು, ಅದು ಹಗಲೂ ರಾತ್ರಿ ಇರತ್ತೆ, ಕನ್ನಡದಲ್ಲೂ ಮಾತಾಡ್ತಾರೆ, ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗ್ತಾರೆ ಅಂತ ಮೊದಲೇ ವಿಚಾರಿಸಿ ಬರೆದಿಟ್ಟಿರ್ಬೇಕು, ಮತ್ತೆ ನಿಮಗೆ ಫೋನ್ ಮಾಡ್ಬೇಕು, ನೀವು ಎತ್ತಬೇಕು. ಎತ್ತಲೇಬೇಕು. ಗೂಗಲ್ ಫಾರ್ಮಲ್ಲಿ ಹೆಸರಿಲ್ಲದೆ ಈ ಪ್ರಶ್ನೆ ಕೇಳೋಕೆ ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ, ಅಲ್ಲಿ ಒಬ್ಬರು ಕೈ ಚಾಚಿದ್ರೆ ಹಿಡಿಯೋಕೆ ಯಾರೂ ಇರೋದಿಲ್ಲ.

ಇನ್ನೊಂದು ನೋವಿನ ಮಾತು. 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಲ್ಲಿ ಹೈವೇ ಮೇಲೆ ಗುಡ್ಡ ಕುಸಿದ ನಂತರ ಒಬ್ಬ ವಿದ್ಯಾರ್ಥಿನಿ ಬಂದು ಆ ಕುಟುಂಬಗಳಲ್ಲಿ ಟ್ರಾಮಾ ಅಳೀತೇನೆ ಅಂದ್ಲು. ಅವಳ ಮನಸ್ಸು ಒಳ್ಳೇದೇ. ನಾನು ಬೇಡ ಅಂದೆ. ಅವರ ಮನೆಗೆ ಹೋಗಿ ಆ ದಿನ ನೆನಪಿಸಿ, ಪ್ರಶ್ನೆ ಮುಗಿದಮೇಲೆ ಅವರಿಗೆ ಕೊಡೋಕೆ ನಮ್ಮ ಹತ್ರ ಏನಿತ್ತು? ಎಂಎಸ್ಸಿ ವಿದ್ಯಾರ್ಥಿಗೆ ಆ ಹೊರೆ ಹೊರೋ ತರಬೇತಿ ಇಲ್ಲ, ಅವಳಿಗೂ ಅದು ಗಾಯವೇ. ಬದಲಿಗೆ ಮಳೆಗಾಲದಲ್ಲಿ ದಿನಾ ಹೈವೇಯಲ್ಲಿ ಕಾಲೇಜಿಗೆ ಓಡಾಡೋ ತನ್ನದೇ ವಯಸ್ಸಿನವರು ಅಪಾಯವನ್ನ ಹೇಗೆ ಅಂದಾಜು ಮಾಡ್ತಾರೆ ಅಂತ ಪ್ರಶ್ನೆ ತಿರುಗಿಸಿದ್ಲು, ಅದು ಅವಳ ಕೈಗೆ ನಿಲುಕಿತು. ಸಿದ್ದಿ, ಹಾಲಕ್ಕಿ ಸಮುದಾಯದವರ ಊರುಗಳಿಗೆ ಹೋಗೋ ಆಸೆ ಇರೋವ್ರಿಗೂ ಇದೇ ಎಚ್ಚರ, ಅಲ್ಲಿ ವರ್ಷವರ್ಷ ಯಾರೋ ಬಂದು ಕೇಳಿ, ಫೋಟೋ ತೆಗೆದು ಹೋಗ್ತಾರೆ, ಏನು ಸಿಕ್ತು ಅಂತ ಹೇಳೋಕೆ ವಾಪಸ್ ಬಂದವರು ಕಡಿಮೆ. ಹೋಗೋದಾದ್ರೆ ವಾಪಸ್ ಹೋಗೋ ತಾರೀಕೂ ಪ್ಲಾನಲ್ಲಿ ಇರ್ಲಿ.

ಆರನೇ ವಾರ ಪೈಲಟ್, ಅಂದ್ರೆ ಸಣ್ಣ ಪ್ರಮಾಣದಲ್ಲಿ ಒಂದು ಪ್ರಯೋಗ. ಹತ್ತು ಜನ ಸಾಕು. ವಾಚ್ ಹಿಡಿದು ಎಷ್ಟು ನಿಮಿಷ ಆಯ್ತು ನೋಡ್ಲಿ, ಇಪ್ಪತ್ತು ನಿಮಿಷ ದಾಟಿದ್ರೆ ಬಂದರಲ್ಲಿ ಯಾರೂ ಕೂರೋದಿಲ್ಲ. ಆ ಹತ್ತು ಫಾರ್ಮನ್ನ ಎಕ್ಸೆಲ್ಲಿಗೆ ಹಾಕಿ, ಉಲ್ಟಾ ಪ್ರಶ್ನೆ ತಿರುಗಿಸಿ, ಜಾಮೋವಿ ಅನ್ನೋ ಅಂಕಿಅಂಶ ಸಾಫ್ಟ್‌ವೇರಲ್ಲಿ ಖಾಲಿ ಟೇಬಲ್ಲಿಗೆ ಅಂಕಿ ತುಂಬೋ ತನಕ ಪೂರ್ತಿ ಒಮ್ಮೆ ನಡೆಸ್ಲಿ. ಫಲಿತಾಂಶಕ್ಕೆ ಬೆಲೆ ಇಲ್ಲ, ದಾರಿ ಎಲ್ಲಿ ಕಡಿದಿದೆ ಅಂತ ಗೊತ್ತಾಗತ್ತೆ.

ಸಿನಾಪ್ಸಿಸ್ ಬರೆಯೋಕೆ ಕೂರಿಸೋದು ಇದೆಲ್ಲ ಆದಮೇಲೆ, ಆಗ ಎರಡು ದಿನ ಸಾಕು. ನಾಳೆ ಕ್ಲಾಸಿಗೆ ಹೋದಾಗ ಒಂದೇ ಕೆಲಸ ಮಾಡಿ, 12 ಜನರಿಗೆ 12 ಜಾಗ ಬರೆದು ಕೊಡಿ, ಬಂದರಿಗೆ ಹೋಗೋವ್ರಿಗೆ ಬೆಳಿಗ್ಗೆ ಬೇಗ ಏಳ್ಬೇಕು ಅಂತ ಹೇಳಿ, ದೋಣಿ ದಡಕ್ಕೆ ಬಂದು ಹರಾಜು ಮುಗಿದಮೇಲೆ ಅಲ್ಲಿ ನೋಡೋಕೆ ಹೆಚ್ಚೇನೂ ಉಳಿದಿರೋದಿಲ್ಲ.